ಧನುರ್ಮಾಸದ ಎಣ್ಣೆಯ ಸೀಸೆ

ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಗಳ ಸೀಮೆಯಲ್ಲಿ ಕೆರೆಯ ನೀರು ಹೆಪ್ಪುಗಟ್ಟಿದುದನ್ನು ಕಂಡವರಿಲ್ಲ. ನೆರೆಯ ಬೆಂಗಳೂರಿನಲ್ಲಿ ದಾಖಲೆಯಾದ ಅತ್ಯಂತ ಕಡಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ನೀರು ಗಟ್ಟಿಯಾಗಲು ಅಷ್ಟು ಚಳಿ ಸಾಲದು. ವೈಶಾಖದ ಸಂಜೆ ಎಂದಾದರೊಮ್ಮೆ ಆಲಿಕಲ್ಲಿನ ಮಳೆ ಸುರಿದು, ದ್ರಾಕ್ಷಿ ತೋಟದ ರೈತನು ತಲೆಯ ಮೇಲೆ ಕೈಹೊತ್ತು ಕುಳಿತಿರುವಾಗ, ಅವನ ಮಕ್ಕಳು ಬಟ್ಟಲು ಹಿಡಿದು ಅಂಗಳಕ್ಕೆ ಓಡುವರಲ್ಲ, ನಿಸರ್ಗವು ಇಲ್ಲಿಯ ಮಕ್ಕಳ ಕೈಗಿಡುವ ಮಂಜುಗಡ್ಡೆ ಅದೊಂದೇ.

ಹಾಗೆಂದು ಘನ, ದ್ರವ, ಅನಿಲಗಳ ಪಾಠಕ್ಕೆ ಆಲಿಕಲ್ಲನ್ನು ಕಾಯಬೇಕಾಗಿಲ್ಲ. ಧನುರ್ಮಾಸದ ಮುಂಜಾನೆ, ದೇವನಹಳ್ಳಿಯ ಬಯಲನ್ನೆಲ್ಲ ಮಂಜು ಕವಿದು, ಹಾರಬೇಕಾದ ವಿಮಾನಗಳು ನಿಲ್ದಾಣದಲ್ಲಿಯೇ ಕಾದು ನಿಂತಿರುವ ಹೊತ್ತಿನಲ್ಲಿ, ತಲೆಗೆ ಹಚ್ಚಿಕೊಳ್ಳಲೆಂದು ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಗ್ಗಿಸಿದ ಬಾಲಕಿಗೆ ಒಂದು ಹನಿಯೂ ದೊರೆಯದು. ಸುಮಾರು 24 ಡಿಗ್ರಿಗಿಂತ ಕೆಳಗೆ ಆ ಎಣ್ಣೆ ಘನವಾಗುತ್ತದೆ. ತಾಯಿಯು ಸೀಸೆಯನ್ನು ನೀರೊಲೆಯ ಹಂಡೆಯ ಪಕ್ಕದಲ್ಲಿರಿಸಿದರೆ, ಗಾಜಿಗೆ ತಗುಲಿದ ಅಂಚು ಮೊದಲು ತಿಳಿಯಾಗಿ, ನಡುವಿನ ಬಿಳಿಯ ಗಟ್ಟಿಯು ಮೆಲ್ಲನೆ ಸಡಿಲಿ ತಳಕ್ಕಿಳಿಯುತ್ತದೆ. ಗಟ್ಟಿಯೆಣ್ಣೆ ತನ್ನ ದ್ರವದಲ್ಲಿ ಮುಳುಗುವುದು, ಮಂಜುಗಡ್ಡೆಯಾದರೋ ನೀರಿನ ಮೇಲೆ ತೇಲುವುದು! ಬಹುತೇಕ ವಸ್ತುಗಳು ಘನೀಭವಿಸುವಾಗ ಕುಗ್ಗಿದರೆ, ನೀರು ಶೇಕಡ 9ರಷ್ಟು ಹಿಗ್ಗುತ್ತದೆ. ನೀರಿನ ಈ ವೈಚಿತ್ರ್ಯವನ್ನು ತೋರಿಸಲು ಎಣ್ಣೆಯ ಸೀಸೆಗಿಂತ ಉತ್ತಮವಾದ ಉಪಕರಣವನ್ನು ನಾನು ಕಾಣೆ.

ಉಪಕರಣಕ್ಕಿಂತ ಹೆಚ್ಚಿನ ತೊಡಕು ಮಾತಿನಲ್ಲಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆಯನ್ನು ಹೊರತರಲು ಕೈಹಚ್ಚಿದ ಕಾಲದಿಂದಲೂ ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವವರು ಹೊಸ ಪದಗಳಿಗಾಗಿ ಶ್ರಮಿಸಿದ್ದಾರೆ. ಮಗುವಿಗೆ ತೊಡಕಾಗುವುದು ಮಾತ್ರ ಹಳೆಯ ಮನೆಮಾತುಗಳೇ. ತುಪ್ಪವೂ ಕರಗುತ್ತದೆ, ಕಾಫಿಯಲ್ಲಿ ಸಕ್ಕರೆಯೂ ಕರಗುತ್ತದೆ. ಹಾಲೂ ಹೆಪ್ಪುಗಟ್ಟುತ್ತದೆ, ಎಣ್ಣೆಯೂ ಹೆಪ್ಪುಗಟ್ಟುತ್ತದೆ. ಶಬ್ದ ಒಂದಾದುದರಿಂದ ಕ್ರಿಯೆಯೂ ಒಂದೇ ಎಂದು ಮಗು ಭಾವಿಸಿದರೆ ಅದರಲ್ಲಿ ತಪ್ಪೇನು? ಆದುದರಿಂದ ಉಪಾಧ್ಯಾಯರು ಪದದ ಲಕ್ಷಣವನ್ನು ಬಾಯಿಪಾಠ ಮಾಡಿಸುವುದಕ್ಕೆ ಮೊದಲು ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಕರಗಲು ಬೇರೊಂದು ದ್ರವದ ನೆರವು ಬೇಕಾಯಿತೆ, ಬರಿಯ ಶಾಖವೇ ಸಾಕಾಯಿತೆ? ಹೆಪ್ಪುಗಟ್ಟಿದುದನ್ನು ಬೆಚ್ಚಗೆ ಮಾಡಿದರೆ ಮೊದಲಿನಂತಾಗುವುದೆ? ಮೊಸರನ್ನು ಎಷ್ಟು ಕಾಯಿಸಿದರೂ ಅದು ಹಾಲಾಗದು. ಎಣ್ಣೆಯು ಪ್ರತಿ ಮಧ್ಯಾಹ್ನವೂ ಎಣ್ಣೆಯೇ ಆಗುತ್ತದೆ.

ಅಳತೆಯ ವಿಷಯದಲ್ಲಿಯೂ ಮಗುವಿನ ಕಣ್ಣನ್ನು ನಂಬಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರುಗಳಲ್ಲಿ ವಾಯುವಿನ ಒತ್ತಡ ಕಡಮೆಯಾದುದರಿಂದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪುಸ್ತಕದಲ್ಲಿ 100 ಎಂದಿದೆಯೆಂದು, ಕಂಡದ್ದನ್ನು ಹೇಳಿದ ಹುಡುಗನನ್ನು ಗದರಿಸುವುದು ಅನ್ಯಾಯ.

ಇನ್ನೊಂದು ಪ್ರಯೋಗಕ್ಕೆ ಪುಡಿಮಾಡಿದ ಮಂಜುಗಡ್ಡೆ, ಒಂದು ಲೋಟ, ಒಂದು ಥರ್ಮಾಮೀಟರು ಇದ್ದರೆ ಸಾಕು. 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಗುರುತಿಸಿದ ಗುಪ್ತೋಷ್ಣವು ಇಲ್ಲಿ ಅನುಭವಕ್ಕೆ ಬರುತ್ತದೆ: 1 ಗ್ರಾಂ ಮಂಜುಗಡ್ಡೆ ಕರಗುವುದಕ್ಕೆ ಬೇಕಾದ ಶಾಖ 80 ಕ್ಯಾಲೊರಿ, ಅದು ಅಷ್ಟೇ ತೂಕದ ನೀರನ್ನು 0ಯಿಂದ 80 ಡಿಗ್ರಿಗೆ ಏರಿಸಬಲ್ಲುದು. ಮಕ್ಕಳು ಸರದಿಯಂತೆ ಲೋಟವನ್ನು ಕಲಕುತ್ತ, ಅಂಗೈಯಿಂದ ಅದನ್ನು ಬೆಚ್ಚಗೆ ಮಾಡುತ್ತ, ನಿಮಿಷಕ್ಕೊಮ್ಮೆ ಅಂಕಿಯನ್ನು ಬರೆದುಕೊಳ್ಳಲಿ. ಸೊನ್ನೆ, ಮತ್ತೆ ಸೊನ್ನೆ, ಮತ್ತೂ ಸೊನ್ನೆ. ಕೊನೆಯ ಚೂರು ಕಣ್ಮರೆಯಾದ ಬಳಿಕವಷ್ಟೇ ಗೆರೆ ಮೇಲೇರತೊಡಗುತ್ತದೆ.