ಮನೆಯ ಭಾರ ಹೊತ್ತ ಮಗು: ಅದನ್ನು ಅಳೆಯುವುದು ಹೇಗೆ?

"ಚಿಕ್ಕಂದಿನಲ್ಲಿ ಅಮ್ಮನ ಕಣ್ಣೀರು ಒರೆಸಿದ್ದೀರಾ? ತಮ್ಮನಿಗೆ ಊಟ ಬಡಿಸಿದ್ದೀರಾ? ಹಾಗಾದರೆ ನೀವು ಬಾಲ್ಯ ಕಳೆದುಕೊಂಡವರು." ಇಂಥ ಫಾರ್ವರ್ಡ್‌ಗಳು ವಾಟ್ಸಾಪ್‌ನಲ್ಲಿ ಬರುತ್ತಿರುತ್ತವೆ. ಇದಕ್ಕೆ ಉಲ್ಟಾ ಹೊಡೆಯುವ ಮಾತೂ ಇದೆ: "ಎಷ್ಟು ಜವಾಬ್ದಾರಿ ನೋಡಿ, ವಯಸ್ಸಿಗೆ ಮೀರಿದ ಬುದ್ಧಿ!" ಯಾವುದು ನಿಜ?

ನಾಗರಬಾವಿಯಲ್ಲಿ ಎರಡು ಮನೆ ಇವೆ ಎಂದುಕೊಳ್ಳೋಣ. ಎರಡರಲ್ಲೂ ಎಂಟನೇ ಕ್ಲಾಸಿನ ಹುಡುಗಿ. ಇಬ್ಬರೂ ಸ್ಕೂಲಿನಿಂದ ಬಂದು ಪಾತ್ರೆ ತೊಳೆಯುತ್ತಾರೆ, ಅಂಗಡಿಯಿಂದ ಹಾಲು ತರುತ್ತಾರೆ. ಆದರೆ ಎರಡನೆಯವಳ ಅಮ್ಮನಿಗೆ ಖಿನ್ನತೆಯ ಕಾಯಿಲೆ. ಅಮ್ಮ ಮಾತ್ರೆ ತೆಗೆದುಕೊಂಡರಾ ಎಂದು ನೋಡುವವಳು ಅವಳೊಬ್ಬಳೇ. ಪರೀಕ್ಷೆಯ ದಿನವೂ ಅಮ್ಮನನ್ನು ಬಿಟ್ಟು ಹೋಗಲು ಅವಳಿಗೆ ಭಯ.

ಗಂಟೆ ಲೆಕ್ಕ ಸಾಕೇ?

ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ನಡೆಸಿತು. 6 ವರ್ಷ ದಾಟಿದವರು ಒಂದು ದಿನವನ್ನು ಹೇಗೆ ಕಳೆದರು ಎಂದು ಅರ್ಧರ್ಧ ಗಂಟೆಯ ಲೆಕ್ಕದಲ್ಲಿ ಬರೆದುಕೊಂಡಿತು. ಪಾತ್ರೆ ತೊಳೆದದ್ದು ಇಂಥ ಲೆಕ್ಕಕ್ಕೆ ಸಿಗುತ್ತದೆ. ಆ ಹುಡುಗಿಯ ಭಯ ಸಿಗುವುದಿಲ್ಲ.

ಅದಕ್ಕಾಗಿ ಬೇರೆ ಅಳತೆಗಳಿವೆ. ಬ್ರಿಟನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ 'ಮಾಕಾ' ಎಂಬ ಪ್ರಶ್ನಾವಳಿಯಲ್ಲಿ 18 ಕೆಲಸಗಳಿವೆ: ಮನೆಗೆಲಸ, ಸ್ನಾನ ಮಾಡಿಸುವಂಥ ಆರೈಕೆ, ಧೈರ್ಯ ತುಂಬುವುದು, ಒಡಹುಟ್ಟಿದವರನ್ನು ನೋಡಿಕೊಳ್ಳುವುದು, ಹಣಕಾಸು ಇತ್ಯಾದಿ. ಕಳೆದ ಒಂದು ತಿಂಗಳಲ್ಲಿ 'ಎಂದೂ ಇಲ್ಲ' ಎಂದರೆ 0, 'ಕೆಲವೊಮ್ಮೆ' ಎಂದರೆ 1, 'ತುಂಬಾ ಸಲ' ಎಂದರೆ 2. ಒಟ್ಟು 36ಕ್ಕೆ 18 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೊರೆ ಬಹಳ ಹೆಚ್ಚು.

ಹೆಚ್ಚು ಅಂಕ ಬಂದರೆ ಮಗು ಹಾಳಾಯಿತು ಎಂದಲ್ಲ. ಇದರ ಜೊತೆಗೇ ಅದೇ ಸಂಶೋಧಕರು ಇನ್ನೊಂದು ಪ್ರಶ್ನಾವಳಿ ರೂಪಿಸಿದರು. ಅದರಲ್ಲಿ 20 ಪ್ರಶ್ನೆಗಳು. ಈ ಕೆಲಸದಿಂದ ಮಗುವಿಗೆ ಹೆಮ್ಮೆ ಎನಿಸುತ್ತದೆಯೇ, ಅಥವಾ ಒಂಟಿತನ, ಒತ್ತಡವೇ? ಒಳ್ಳೆಯದನ್ನೂ ಕೆಟ್ಟದ್ದನ್ನೂ ಪ್ರತ್ಯೇಕವಾಗಿ ಕೇಳುತ್ತಾರೆ, ಏಕೆಂದರೆ ಎರಡೂ ಒಟ್ಟಿಗೇ ಇರಬಹುದು.

ಹಾಗಾಗಿ ತಮ್ಮನಿಗೆ ಊಟ ಬಡಿಸಿದ ಮಾತ್ರಕ್ಕೆ ಯಾರೂ ಬಾಲ್ಯ ಕಳೆದುಕೊಳ್ಳುವುದಿಲ್ಲ. 'ಜಾಣ ಮಗು' ಎಂಬ ಹೊಗಳಿಕೆಯೂ ಪೂರ್ತಿ ಸತ್ಯವಲ್ಲ. ಹೊಗಳಿಸಿಕೊಂಡ ಮಗು ತನಗೆ ಕಷ್ಟ ಎಂದು ಬಾಯಿ ಬಿಡುವುದು ಇನ್ನೂ ಕಷ್ಟ.

ನೀವು ಏನು ಗಮನಿಸಬಹುದು?

ಮಗು ಪದೇ ಪದೇ ಸ್ಕೂಲು ತಪ್ಪಿಸುತ್ತಿದೆಯೇ? ನಿದ್ದೆ, ಆಟ ಕಡಿಮೆಯಾಗಿದೆಯೇ? ಅದು ಒಂದು ದಿನ ಕೈಬಿಟ್ಟರೆ ಆ ಕೆಲಸ ಮಾಡಲು ದೊಡ್ಡವರು ಯಾರಾದರೂ ಇದ್ದಾರೆಯೇ? ಇಲ್ಲ ಎಂದಾದರೆ ಬುದ್ಧಿವಾದ ಬೇಡ, ಒಂದು ಕೆಲಸವನ್ನು ನೀವೇ ವಹಿಸಿಕೊಳ್ಳಿ. ಕ್ಲಾಸ್ ಟೀಚರಿಗೆ ತಿಳಿಸಿ.

ಮನೆಯಲ್ಲಿ ಮಾನಸಿಕ ಕಾಯಿಲೆ ಇದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಇದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಫಾರ್ವರ್ಡ್ ಮಾಡುವುದಾದರೆ ಈ ಎರಡು ನಂಬರ್ ಮಾಡಿ.