ಎರಡು ದಿನಕ್ಕೆ ಒಂದು ವರ್ಷ: ಶಾಲೆ-ಕಾಲೇಜು ಅಥ್ಲೆಟಿಕ್ಸ್‌ನಲ್ಲಿ ವಯಸ್ಸಿನ ಲೆಕ್ಕ

ಶನಿವಾರದ ವಿಡಿಯೋದ ಬರಹ ರೂಪ ಇದು. ಮಾತಾಡುವಾಗ ಎಳೆದಾಡಿದ್ದನ್ನ ಕತ್ತರಿಸಿದ್ದೀನಿ, ತಾರೀಖುಗಳನ್ನ ಮಾತ್ರ ಬಿಡಿಸಿ ಬರೆದಿದ್ದೀನಿ. ಈ ವಿಷಯ ಪೂರ್ತಿ ನಿಂತಿರೋದೇ ತಾರೀಖಿನ ಮೇಲೆ.

ಪ್ರಶ್ನೆ ಕಳಿಸಿದವರು ಡೊಂಬಿವಲಿಯ ಒಬ್ಬ ತಂದೆ. ಹುಬ್ಬಳ್ಳಿ ಕಡೆಯವರು, ಐರೋಲಿಯಲ್ಲಿ ಕೆಲಸ. ಮಗಳು 8ನೇ ತರಗತಿ, 200 ಮೀಟರ್ ಚೆನ್ನಾಗಿ ಓಡ್ತಾಳೆ. ಹುಟ್ಟಿದ್ದು 2011ರ ಡಿಸೆಂಬರ್ 30. 2025-26ರ ಶಾಲಾ ಕ್ರೀಡಾಕೂಟದಲ್ಲಿ 14ರ ಒಳಗಿನ ವಿಭಾಗಕ್ಕೆ ಬೇಕಾದ ಜನ್ಮದಿನ 2012ರ ಜನವರಿ 1 ಅಥವಾ ಆಮೇಲೆ. ಎರಡೇ ದಿನಕ್ಕೆ ತಪ್ಪಿಹೋಯ್ತು. ಅವಳ ಗೆಳತಿಯರೆಲ್ಲ 14ರ ಒಳಗೆ ಓಡ್ತಾರೆ, ಇವಳು 17ರ ಒಳಗೆ ಓಡಬೇಕು. ಅಂದ್ರೆ 2009ರ ಜನವರಿಯಲ್ಲಿ ಹುಟ್ಟಿದ, ಸುಮಾರು ಮೂರು ವರ್ಷ ದೊಡ್ಡ ಹುಡುಗಿಯರ ಜೊತೆ. ಗ್ರೌಂಡ್‌ನಲ್ಲಿ ಯಾರೋ ಕೋಚ್ ಹೇಳಿದ್ರಂತೆ: 'ಎರಡು ದಿನ ತಾನೇ? ತಿದ್ದಿಸಿಬಿಡಿ.' ಇವರು ಕೇಳಿದ್ದು: 'ಸರ್, ಎಲ್ಲಾರೂ ಮಾಡಿಸ್ತಾರಂತ್ರೀ. ನಾವೊಬ್ರ ಸುಮ್ನ ಕುಂತ್ರ ಮಗಳಿಗೆ ಅನ್ಯಾಯ ಆಗೂದಿಲ್ಲೇನ್ರಿ?'

ಪ್ರಶ್ನೆ ಸಣ್ಣದಲ್ಲ. ಮಹಾರಾಷ್ಟ್ರದಲ್ಲಿ 10ನೇ ತರಗತಿಯ ಕ್ರೀಡಾ ಗ್ರೇಸ್ ಅಂಕದಿಂದ ಹಿಡಿದು ಸರ್ಕಾರಿ ಕೆಲಸದ ಕ್ರೀಡಾ ಮೀಸಲಾತಿವರೆಗೆ ಎಲ್ಲದಕ್ಕೂ ಇಂಥ ಕೂಟಗಳ ಸರ್ಟಿಫಿಕೇಟೇ ಆಧಾರ. ಅದಕ್ಕೇ ಆಸೆಯೂ ಜಾಸ್ತಿ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ದೇಶದಲ್ಲಿ ಮಗು ಯಾವ ತರಗತಿಯಲ್ಲಿದೆ ಅನ್ನೋದು ಓಟದ ವಿಭಾಗವನ್ನ ತೀರ್ಮಾನಿಸಲ್ಲ, ಹುಟ್ಟಿದ ತಾರೀಖು ತೀರ್ಮಾನಿಸುತ್ತೆ. ನಮ್ಮಂಥ ವಲಸಿಗರಿಗೆ ಇದು ಒಂದು ರೀತಿ ಒಳ್ಳೇದೇ. ಮಹಾರಾಷ್ಟ್ರದಲ್ಲಿ 1ನೇ ತರಗತಿಗೆ ಡಿಸೆಂಬರ್ 31ಕ್ಕೆ 6 ವರ್ಷ ತುಂಬಬೇಕು. ಕರ್ನಾಟಕದಲ್ಲಿ ಜೂನ್ 1ಕ್ಕೆ 6 ತುಂಬಬೇಕು ಅಂತ ಆದೇಶ, ನಡುವೆ ಸಡಿಲಿಕೆಯೂ ಕೊಟ್ಟಿದ್ದಾರೆ. ಹಾಗಾಗಿ ಅಕ್ಟೋಬರ್‌ನಲ್ಲಿ ಹುಟ್ಟಿದ ಒಂದೇ ಮಗು ಕಲ್ಯಾಣ್‌ನಲ್ಲಿ ಒಂದು ತರಗತಿ ಮುಂದೆ, ದಾವಣಗೆರೆಯಲ್ಲಿ ಒಂದು ತರಗತಿ ಹಿಂದೆ ಇರಬಹುದು. ಓಟದ ವಿಭಾಗ ಮಾತ್ರ ಎರಡೂ ಕಡೆ ಒಂದೇ. ಊರಿಗೆ ವಾಪಸ್ ಹೋದ್ರೂ ಅದು ಬದಲಾಗಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಹೈಸ್ಕೂಲ್ ಅಂದ್ರೆ 9ರಿಂದ 12ನೇ ತರಗತಿ, ದಾಖಲೆ ಪುಸ್ತಕವೂ ತರಗತಿವಾರು. ಫ್ರೆಶ್‌ಮನ್, ಸೋಫೋಮೋರ್, ಜೂನಿಯರ್, ಸೀನಿಯರ್ ಅಂತ ಒಂದೊಂದಕ್ಕೂ ಬೇರೆ ಪಟ್ಟಿ. ಇದಕ್ಕೇ ತರಗತಿ ದಾಖಲೆ ಅನ್ನೋದು. ವಯಸ್ಸಿಗೆ ಮೇಲಿನ ಮಿತಿ ಇದೆ, ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ಜೂನ್ 15ಕ್ಕೆ ಮುಂಚೆ 19 ತುಂಬಿದವರು ಮುಂದಿನ ಶಾಲಾ ವರ್ಷದಲ್ಲಿ ಆಡುವಂತಿಲ್ಲ. ಆದ್ರೆ ಆ ಮಿತಿಯ ಒಳಗೆ ಮಗುವನ್ನ ಒಂದು ವರ್ಷ ತಡವಾಗಿ ಶಾಲೆಗೆ ಹಾಕಿದ್ರೆ ಅವನು ಅದೇ ತರಗತಿಯಲ್ಲಿ ಒಂದು ವರ್ಷ ಬಲಿತಿರ್ತಾನೆ. ಕಾನೂನಿನ ಪ್ರಕಾರ ಸರಿ, ಪಟ್ಟಿಯ ಅರ್ಥ ಮಾತ್ರ ಸಡಿಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾಬೇಸ್‌ನಲ್ಲಿ ಬಳಕೆದಾರನೇ ಬದಲಿಸಬಹುದಾದ ಕಾಲಂ ಒಂದನ್ನ ಪ್ರೈಮರಿ ಕೀ ಮಾಡಿದ ಹಾಗೆ. ನಮ್ಮಲ್ಲಿ ಕೀ ಅಂದ್ರೆ ಜನ್ಮದಿನಾಂಕ. ಅದು ಬದಲಾಗಬಾರದು, ಬದಲಾಯಿಸೋದಕ್ಕೆ ಪ್ರಯತ್ನ ಮಾಡ್ತಾರೆ ಅನ್ನೋದೇ ತಲೆನೋವು.

ಈಗ ಡಿಸೆಂಬರ್-ಜನವರಿ ಗೋಡೆ ಎಷ್ಟು ದಪ್ಪ ಅಂತ ನೋಡಿ. ವರ್ಲ್ಡ್ ಅಥ್ಲೆಟಿಕ್ಸ್ ನಿಯಮ ಸರಳ: ಸ್ಪರ್ಧೆ ನಡೆಯೋ ವರ್ಷದ ಡಿಸೆಂಬರ್ 31ಕ್ಕೆ 16 ಅಥವಾ 17 ಇದ್ರೆ 18ರ ಒಳಗಿನ ವಿಭಾಗ, 18 ಅಥವಾ 19 ಇದ್ರೆ 20ರ ಒಳಗಿನದು. ಆಸ್ಟ್ರೇಲಿಯಾದ ಗೌಟ್ ಗೌಟ್ ಹುಟ್ಟಿದ್ದು 2007ರ ಡಿಸೆಂಬರ್ 29. ಅಮೆರಿಕದ ಕ್ವಿನ್ಸಿ ವಿಲ್ಸನ್ ಹುಟ್ಟಿದ್ದು 2008ರ ಜನವರಿ 8. ಹತ್ತೇ ದಿನದ ಅಂತರ. ಗೌಟ್ 2024ರ ಡಿಸೆಂಬರ್‌ನಲ್ಲಿ 200 ಮೀಟರನ್ನ 20.04 ಸೆಕೆಂಡ್‌ನಲ್ಲಿ ಓಡಿ, ಪೀಟರ್ ನಾರ್ಮನ್ 1968ರಲ್ಲಿ ಮಾಡಿದ್ದ 20.06ರ ಆಸ್ಟ್ರೇಲಿಯಾ ದಾಖಲೆಯನ್ನೇ ಮುರಿದ. ಪತ್ರಿಕೆಗಳು '16 ವರ್ಷದ ಹುಡುಗ' ಅಂತ ಬರೆದವು, ಅದು ನಿಜ. ವಿಭಾಗದ ಲೆಕ್ಕದಲ್ಲಿ ಮಾತ್ರ ಅವನಿಗೆ ಆಗ 17, 18ರ ಒಳಗಿನ ಕೊನೇ ವರ್ಷ. ವಿಲ್ಸನ್ 2024ರ ಜುಲೈನಲ್ಲಿ 400 ಮೀಟರನ್ನ 44.20ರಲ್ಲಿ ಓಡಿ 18ರ ಒಳಗಿನ ವಿಶ್ವಶ್ರೇಷ್ಠ ಸಮಯ ಮಾಡಿದ, 2025ರ ಜುಲೈನಲ್ಲಿ 44.10ಕ್ಕೆ ಇಳಿಸಿದ. ಎರಡೂ ಒಂದೇ ಪಟ್ಟಿಯಲ್ಲಿ ಕೂತವು, ಯಾಕಂದ್ರೆ ಅವನಿಗೆ ಇನ್ನೊಂದು ವರ್ಷ ಇತ್ತು. ಗೌಟ್ 2025ರ ಜೂನ್‌ನಲ್ಲಿ ಓಸ್ಟ್ರಾವಾದಲ್ಲಿ ಓಡಿದ 20.02 ಮಾತ್ರ 20ರ ಒಳಗಿನ ಪಟ್ಟಿಗೆ ಹೋಯ್ತು.

ಡೊಂಬಿವಲಿಯ ಹುಡುಗಿಯೂ ಗೌಟ್ ಇದ್ದ ಕಡೆಯೇ ನಿಂತಿದ್ದಾಳೆ. ಇದು ಅನ್ಯಾಯವಾ? ಸ್ವಲ್ಪ ಮಟ್ಟಿಗೆ ಹೌದು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಅಂತ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ತೋರಿಸಿದ್ರು. 13 ವರ್ಷದಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಅಂದ್ರೆ ಮಂಡಿಯಿಂದ ತೊಡೆವರೆಗೆ ಎದ್ದು ಕಾಣುತ್ತೆ. ಆದ್ರೆ ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು. ಜುಲೈಗೆ ಎಳೆದ್ರೆ ಜೂನ್ ಕೊನೇಲಿ ಹುಟ್ಟಿದವರ ಅಪ್ಪ ಇದೇ ಪ್ರಶ್ನೆ ಕೇಳ್ತಾರೆ.

ಒಂದು ಸಮಾಧಾನ ಇದೆ, ಇದನ್ನ ಬಹಳ ಜನ ಗಮನಿಸಲ್ಲ. ಶಾಲಾ ಕ್ರೀಡಾ ಫೆಡರೇಶನ್‌ನ ಗೆರೆಗಳು 14, 17, 19. ಅಥ್ಲೆಟಿಕ್ಸ್ ಫೆಡರೇಶನ್‌ನ ಗೆರೆಗಳು 14, 16, 18, 20. ಎರಡೂ ಬೇರೆ ಬೇರೆ ಸರ್ವರ್ ಅಂದ್ಕೊಳ್ಳಿ. 2008ರಲ್ಲಿ ಹುಟ್ಟಿದ ಹುಡುಗ 2025ರಲ್ಲಿ ಶಾಲಾ ಕೂಟದಲ್ಲಿ 19ರ ಒಳಗೆ, ವರ್ಲ್ಡ್ ಅಥ್ಲೆಟಿಕ್ಸ್ ಲೆಕ್ಕದಲ್ಲಿ 18ರ ಒಳಗೆ. ನಮ್ಮ ಡೊಂಬಿವಲಿ ಹುಡುಗಿಗೆ ಶಾಲಾ ಕೂಟದ 17ಕ್ಕಿಂತ ಫೆಡರೇಶನ್‌ನ 16ರ ಒಳಗಿನ ವಿಭಾಗ ಮೈಗೆ ಹೊಂದುತ್ತೆ. ಅಂತರ್ ಜಿಲ್ಲಾ ರಾಷ್ಟ್ರೀಯ ಜೂನಿಯರ್ ಕೂಟ, ಎಲ್ಲರೂ ನಿಡ್‌ಜ್ಯಾಮ್ ಅಂತಾರಲ್ಲ, ಅದು ನಡೆಯೋದೇ 14 ಮತ್ತು 16ರ ಒಳಗಿನವರಿಗೆ. ಒಂದು ಎಚ್ಚರಿಕೆ: ಸುತ್ತೋಲೆಯಲ್ಲಿ 'ಇಂಥ ತಾರೀಖಿನಿಂದ ಇಂಥ ತಾರೀಖಿನ ನಡುವೆ ಹುಟ್ಟಿದವರು' ಅಂತ ಅಚ್ಚಾಗಿರುತ್ತೆ. ಆ ಸಾಲನ್ನೇ ಓದಿ. ವಾಟ್ಸಾಪ್ ಗ್ರೂಪ್‌ನಲ್ಲಿ ಬಂದ ಹೋದ ವರ್ಷದ ಪಿಡಿಎಫ್ ನಂಬಬೇಡಿ.

ಅವರಿಗೆ ನಾನು ಹೇಳಿದ್ದು ಇಷ್ಟೇ: ತಿದ್ದಿಸಬೇಡಿ, 16ರ ಒಳಗಿನ ಜಿಲ್ಲಾ ಆಯ್ಕೆಗೆ ಕಳಿಸಿ, ಶಾಲಾ ಕೂಟದಲ್ಲಿ 17ರ ಒಳಗೆ ಓಡಲಿ, ಸೋಲಲಿ. 2027ರವರೆಗೂ ಅವಳು ಅದೇ ವಿಭಾಗದಲ್ಲಿರ್ತಾಳೆ, ಅಷ್ಟರಲ್ಲಿ ದೊಡ್ಡವರೆಲ್ಲ ದಾಟಿ ಹೋಗಿರ್ತಾರೆ.

ಜಿಲ್ಲೆ ಅಂದ ತಕ್ಷಣ ನಮ್ಮ ಕಡೆಯ ಇನ್ನೊಂದು ಗಂಟು. ಫೆಡರೇಶನ್ ಕೂಟದಲ್ಲಿ ಜಿಲ್ಲೆಯೇ ತಂಡ. ಡೊಂಬಿವಲಿ, ಕಲ್ಯಾಣ್, ಐರೋಲಿ, ವಾಶಿ, ನೆರೂಳ್, ಬೇಲಾಪುರ ಎಲ್ಲ ಥಾಣೆ ಜಿಲ್ಲೆ. ಖಾರ್‌ಘರ್, ಕಾಮೋಠೆ, ಪನ್ವೇಲ್ ರಾಯಗಡ ಜಿಲ್ಲೆ. ಬೇಲಾಪುರದಿಂದ ಖಾರ್‌ಘರ್‌ಗೆ ಲೋಕಲ್‌ನಲ್ಲಿ ಒಂದೇ ಸ್ಟೇಷನ್, ಓಟದ ಬನಿಯನ್ನು ಬೇರೆ. ಶಾಲಾ ಕೂಟದಲ್ಲಿ ಮಹಾನಗರ ಪಾಲಿಕೆಗಳಿಗೆ ಪ್ರತ್ಯೇಕ ಘಟಕ: ಕಲ್ಯಾಣ್-ಡೊಂಬಿವಲಿಗೆ ಒಂದು, ಥಾಣೆಗೆ ಒಂದು, ನವಿ ಮುಂಬಯಿಗೆ ಒಂದು, ಅಲ್ಲಿಂದ ಮುಂಬಯಿ ವಿಭಾಗ, ಆಮೇಲೆ ರಾಜ್ಯ. ಮನೆ ಬದಲಿಸೋ ಮುಂಚೆ ಬಾಡಿಗೆ ಜೊತೆ ಇದನ್ನೂ ನೋಡೋ ತಂದೆ-ತಾಯಿ ಇದ್ದಾರೆ, ನಗಬೇಡಿ.

ಈಗ ದಾಖಲೆಗಳಿಗೆ ಬರೋಣ. ವಿಭಾಗ ಅಂದ್ರೆ ಬರೀ ವಯಸ್ಸಲ್ಲ, ಸಲಕರಣೆಯೂ ಬೇರೆ. ಗಂಡಸರ ಗುಂಡು 7.26 ಕೆಜಿ, 20ರ ಒಳಗಿನವರಿಗೆ 6, 18ರ ಒಳಗಿನವರಿಗೆ 5. 110 ಮೀಟರ್ ಹರ್ಡಲ್ಸ್‌ನ ಎತ್ತರ ಕ್ರಮವಾಗಿ 106.7, 99.1 ಮತ್ತು 91.4 ಸೆಂಟಿಮೀಟರ್. ಹಾಗಾಗಿ '16 ಮೀಟರ್ ಎಸೆದ' ಅಂತ ಯಾರಾದ್ರೂ ಅಂದ್ರೆ, ಯಾವ ಗುಂಡು ಅಂತ ಕೇಳಿ. ಜಾವೆಲಿನ್ 20ರ ಒಳಗಿನ ಹುಡುಗರಿಗೂ ದೊಡ್ಡವರದ್ದೇ, 800 ಗ್ರಾಂ. ನೀರಜ್ ಚೋಪ್ರಾ 2016ರ ಜುಲೈ 23ರಂದು ಪೋಲೆಂಡ್‌ನ ಬಿಡ್ಗೋಷ್‌ನಲ್ಲಿ ಎಸೆದ 86.48 ಮೀಟರ್ 20ರ ಒಳಗಿನ ವಿಶ್ವದಾಖಲೆ ಆಗಿದ್ದು ಅದೇ 800 ಗ್ರಾಂನಲ್ಲಿ. ಅವರು ಹುಟ್ಟಿದ್ದು 1997ರ ಡಿಸೆಂಬರ್ 24, ಅವರೂ ಡಿಸೆಂಬರ್ ಕೊನೇ ವಾರದವರೇ! 2016 ಅವರ ಜೂನಿಯರ್ ಬದುಕಿನ ಕೊನೇ ವರ್ಷ. ರಿಯೊ ಒಲಿಂಪಿಕ್ಸ್‌ಗೆ ಅರ್ಹತೆಯ ಗಡುವು ಜುಲೈ 11ಕ್ಕೇ ಮುಗಿದಿತ್ತು. ತಾರೀಖು ಯಾರ ಮುಖವನ್ನೂ ನೋಡಲ್ಲ.

ಶಾಲೆಗಳ ಗೋಡೆ ಮೇಲಿನ ದಾಖಲೆ ಬೋರ್ಡ್ ಬಗ್ಗೆ ನನಗೆ ಒಂದು ತಕರಾರಿದೆ. '100 ಮೀ., ಹುಡುಗರು, 11.2' ಅಂತಷ್ಟೇ ಬರೆದಿರುತ್ತೆ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದ ಸಮಯವಾ, ಯಂತ್ರದ್ದಾ? 100 ಮತ್ತು 200 ಮೀಟರ್‌ಗೆ ಕೈಗಡಿಯಾರದ ಸಮಯವನ್ನ ಯಂತ್ರದ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸೋದು ರೂಢಿ. ಹಿಂದಿನಿಂದ ಬೀಸೋ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದ್ರೆ ಆ ಸಮಯ ದಾಖಲೆಗೆ ಬರೋದೇ ಇಲ್ಲ. ವಿಭಾಗ, ತಾರೀಖು, ಗಾಳಿ, ಗಡಿಯಾರ, ಈ ನಾಲ್ಕು ಕಾಲಂ ಇಲ್ಲದ ಬೋರ್ಡ್ ನೆನಪಿನ ಫಲಕ ಆಗಬಹುದು, ದಾಖಲೆ ಆಗಲ್ಲ. ನಿಮ್ಮ ಮಗುವಿನ ಪ್ರತಿ ಓಟಕ್ಕೂ ಮನೆಯಲ್ಲಿ ಒಂದು ಶೀಟ್‌ನಲ್ಲಿ ಈ ನಾಲ್ಕನ್ನೂ ಬರೆದಿಡಿ.

ಇನ್ನು ಮೋಸ ಹಿಡಿಯೋದು ಹೇಗೆ. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ವಯಸ್ಸಿನ ವಂಚನೆ ವಿರುದ್ಧ ರಾಷ್ಟ್ರೀಯ ಸಂಹಿತೆ ತಂದಿತ್ತು, 2025ರ ಮಾರ್ಚ್‌ನಲ್ಲಿ ಹೊಸ ಕರಡನ್ನೂ ಹೊರಡಿಸಿತು. ಕಾಗದದ ಮೇಲೆ ಅನುಮಾನ ಬಂದ್ರೆ ವೈದ್ಯಕೀಯ ಪರೀಕ್ಷೆ. ಜಾಸ್ತಿ ಬಳಕೆಯಲ್ಲಿರೋದು ಟಿಡಬ್ಲ್ಯೂ3: ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು, 13 ಮೂಳೆಗಳು ಎಷ್ಟು ಬಲಿತಿವೆ ಅಂತ ಅಂಕ ಕೊಟ್ಟು ಕೂಡಿಸೋದು. ಇದರಲ್ಲಿ ಎರಡು ತೊಂದರೆ ಇದೆ. ಹುಡುಗರಿಗೆ 16.5, ಹುಡುಗಿಯರಿಗೆ 15 ವರ್ಷಕ್ಕೆ ಈ ಅಳತೆಗೋಲು ಮುಗಿದೇ ಹೋಗುತ್ತೆ. ಮೂಳೆ ಪೂರ್ತಿ ಬಲಿತ ಮೇಲೆ 17ಕ್ಕೂ 21ಕ್ಕೂ ಚಿತ್ರ ಒಂದೇ. ಎರಡನೇದು, ನನಗೆ ಇದೇ ಹೆಚ್ಚು ಚುಚ್ಚುತ್ತೆ: ಮೂಳೆಯ ವಯಸ್ಸು ಮತ್ತು ಕ್ಯಾಲೆಂಡರ್ ವಯಸ್ಸು ಆರೋಗ್ಯವಂತ ಮಕ್ಕಳಲ್ಲೂ ಒಂದು ವರ್ಷ ಆಚೀಚೆ ಇರಬಹುದು. ಬೇಗ ಬೆಳೆದ ಪ್ರಾಮಾಣಿಕ ಮಗು ಎಕ್ಸ್-ರೇಯಲ್ಲಿ 'ದೊಡ್ಡದು' ಅಂತ ಕಾಣಬಹುದು. ಆಗ ಆ ಮಗುವನ್ನ ಕಾಯೋದು ಗಟ್ಟಿಯಾದ ಕಾಗದ ಮಾತ್ರ. ತಾರೀಖು ತಿದ್ದಿಸಿದವರು ಕೆಡಿಸೋದು ಈ ಕಾಗದದ ಬೆಲೆಯನ್ನ.

ಕಾಗದದ ವಿಷಯದಲ್ಲಿ ನಮ್ಮವರಿಗೆ ವಿಶೇಷ ಸಮಸ್ಯೆ ಇದೆ. ಹೆರಿಗೆಗೆ ತವರಿಗೆ ಹೋಗ್ತಾರೆ. ಜನನ ನೋಂದಣಿ ಆಗೋದು ಹುಟ್ಟಿದ ಊರಲ್ಲಿ, ಕರ್ನಾಟಕದ ಇ-ಜನ್ಮದಲ್ಲಿ. ಅಲ್ಲಿ ಮಗುವಿನ ಹೆಸರಿಗೆ ಒಂದು ಇನಿಶಿಯಲ್, ಕೆಲವೊಮ್ಮೆ ಅದೂ ಇಲ್ಲ. ಇಲ್ಲಿನ ಶಾಲೆಯ ರಿಜಿಸ್ಟರ್‌ನಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರು ತುಂಡು. ತಾರೀಖು ಒಂದೇ ಇದ್ರೂ ಹೆಸರು ಹೊಂದಲ್ಲ ಅಂತ ಪರಿಶೀಲನೆಯ ಟೇಬಲ್‌ನಲ್ಲಿ ಮಗುವನ್ನ ಪಕ್ಕಕ್ಕೆ ನಿಲ್ಲಿಸ್ತಾರೆ. ಶಾಲೆಗೆ ಸೇರಿಸುವಾಗಲೇ ಎರಡನ್ನೂ ಹೊಂದಿಸಿಡಿ. 21 ದಿನದೊಳಗೆ ನೋಂದಣಿ ಆದ ಜನನ ಪತ್ರದ ಮೇಲೆ ಯಾರೂ ಅನುಮಾನ ಪಡಲ್ಲ. ವರ್ಷ ದಾಟಿದ ಮೇಲೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅಂಥ ಪತ್ರ ಕಂಡ್ರೆ ಪ್ರಶ್ನೆ ಬರೋದು ಸಹಜ. ಆಧಾರ್ ತೋರಿಸಿದ್ರೆ ಸಾಕು ಅನ್ಕೋಬೇಡಿ, ಅದು ಜನ್ಮದಿನಾಂಕಕ್ಕೆ ಪುರಾವೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ನಮ್ಮ ಅಪ್ಪಂದಿರ ಕಾಲದಲ್ಲಿ ಹೆಡ್‌ಮಾಸ್ಟರು ಕಣ್ಣಳತೆಯಲ್ಲಿ ನೋಡಿ ಜೂನ್ 1 ಅಂತ ಬರೀತಿದ್ರು, ಅರ್ಧ ಊರಿಗೆ ಒಂದೇ ಹುಟ್ಟುಹಬ್ಬ. ಆ ಕಾಲ ಹೋಯ್ತು.

ಕಾಲೇಜಿನದ್ದು ಬೇಗ ಹೇಳಿ ಮುಗಿಸ್ತೀನಿ. ಅಂತರ್ ವಿಶ್ವವಿದ್ಯಾಲಯ ಕೂಟಕ್ಕೆ ಜುಲೈ 1ಕ್ಕೆ 17 ಮೀರಿರಬೇಕು, 25 ಮೀರಿರಬಾರದು. ಇಲ್ಲಿ ಡಿಸೆಂಬರ್ ಅಲ್ಲ, ಜುಲೈ. ಹಾಗಾಗಿ ಡಿಸೆಂಬರ್‌ನಲ್ಲಿ ಹುಟ್ಟಿದವರಿಗೆ ಇಲ್ಲಿ ಮೊದಲ ಸಲ ಲಾಭ. ಮುಂಚೆ ಮಿತಿ 28 ಇತ್ತು, ಆಗ ಎರಡು ಪಿಜಿ ಮಾಡಿಕೊಂಡು ವರ್ಷಗಟ್ಟಲೆ ಓಡೋರು ಇದ್ರು. ಕೆಲಸ ಬಿಟ್ಟು ಎಂಟೆಕ್ ಸೇರಿದ ನನ್ನಂಥವರಿಗೆ ಸೇರುವಾಗಲೇ ಆ ಬಾಗಿಲು ಮುಚ್ಚಿರುತ್ತೆ.

ಅಲ್ಲಿಂದ ಮುಂದೆ ಇರೋದು ಮಾಸ್ಟರ್ಸ್ ಅಥ್ಲೆಟಿಕ್ಸ್, 35ರಿಂದ ಶುರು, ಐದೈದು ವರ್ಷಕ್ಕೊಂದು ವಿಭಾಗ. ಅಲ್ಲಿ ಎಲ್ಲ ಉಲ್ಟಾ: 39ರವರು ಬೇಗ 40 ಆಗಲಿ ಅಂತ ಕಾಯ್ತಾರೆ, ವಯಸ್ಸು ಕಡಿಮೆ ತೋರಿಸೋರು ಒಬ್ಬರೂ ಸಿಗಲ್ಲ. ನನಗೆ ಅಲ್ಲಿಗೆ ಇನ್ನೆರಡು ವರ್ಷ ಇದೆ.