ಜೀಪಿನ ಸ್ಟಿಯರಿಂಗಿನ ಭಾರ

ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡಕ್ಕೆ ತಾಗಿಕೊಂಡಿರುವ ಹಳ್ಳಿಗಳಿಗೆ ಜೀಪು ಬಹುಕಾಲದಿಂದ ಪರಿಚಿತವಾದ ವಾಹನ. ಅಡಿಕೆಯ ಮೂಟೆ, ರಬ್ಬರಿನ ಹಾಳೆ, ಶಾಲೆಯ ಮಕ್ಕಳು, ರೋಗಿಗಳು, ಎಲ್ಲವನ್ನೂ ಹೊತ್ತು ಅದು ಮುರಕಲ್ಲಿನ ಏರುಗಳನ್ನು ಹತ್ತುವುದು. ಬಂಟ್ವಾಳ, ಮೂಡಬಿದಿರೆಗಳ ಒಳದಾರಿಗಳಲ್ಲಿಯೂ ಅದನ್ನು ಕಾಣಬಹುದು. ಹಳೆಯ ಜೀಪನ್ನೂ ಹೊಸ ಜೀಪನ್ನೂ ನಡೆಸಿದವರು ಒಂದು ವ್ಯತ್ಯಾಸವನ್ನು ಕೂಡಲೇ ಗುರುತಿಸುವರು. ಹಳೆಯದರ ಸ್ಟಿಯರಿಂಗನ್ನು ತಿರುಗಿಸಲು ತೋಳಿನ ಬಲವೆಲ್ಲ ಬೇಕು; ಹೊಸದು ಒಂದೇ ಕೈಗೆ ತಿರುಗುವುದು. ಆದರೂ ಅನುಭವಸ್ಥ ಚಾಲಕರಲ್ಲಿ ಕೆಲವರು, ಹೊಸದರಲ್ಲಿ ರಸ್ತೆ ಕೈಗೆ ಸಿಗುವುದಿಲ್ಲವೆಂದು ಹೇಳುವುದುಂಟು. ಇದು ಬರಿಯ ಅಭ್ಯಾಸಬಲದ ಮಾತೋ, ಇದರಲ್ಲಿ ಭೌತವಿಜ್ಞಾನದ ಸತ್ಯವೂ ಉಂಟೋ ಎಂಬುದನ್ನು ವಿಚಾರಿಸೋಣ.

ಮೊದಲು ಭಾರದ ಮಾತು. ನಿಂತ ಜೀಪಿನ ಮುಂದಿನ ಒಂದೊಂದು ಚಕ್ರದ ಮೇಲೆ 400 ಕಿಲೋಗ್ರಾಂ, ಎಂದರೆ ಸುಮಾರು 4000 ನ್ಯೂಟನ್ ಭಾರವಿದೆಯೆಂದು ಇಟ್ಟುಕೊಳ್ಳೋಣ. ಟಯರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಆದರೆ, ಅದು ನೆಲವನ್ನು ತಾಗುವ ಜಾಗ ಸುಮಾರು 200 ಚದರ ಸೆಂಟಿಮೀಟರ್ ಆಗುವುದು. ಇದನ್ನು ವೃತ್ತವೆಂದು ಭಾವಿಸಿದರೆ ಅದರ ತ್ರಿಜ್ಯ 8 ಸೆಂಟಿಮೀಟರ್. ಚಕ್ರವನ್ನು ನಿಂತಲ್ಲಿಯೇ ತಿರುಗಿಸುವಾಗ ಈ ರಬ್ಬರಿನ ಬಿಲ್ಲೆ ನೆಲದ ಮೇಲೆ ಉಜ್ಜಬೇಕು. ಘರ್ಷಣಾಂಕ 0.7 ಆದರೆ ಘರ್ಷಣಬಲ 2800 ನ್ಯೂಟನ್. ಅದು ಕೇಂದ್ರದಿಂದ ಸರಾಸರಿ 5.3 ಸೆಂಟಿಮೀಟರ್ ದೂರದಲ್ಲಿ ವರ್ತಿಸುವುದು. ಬಲವನ್ನು ದೂರದಿಂದ ಗುಣಿಸಿದರೆ ದೊರೆಯುವ ತಿರುಗುಬಲ ಒಂದು ಚಕ್ರಕ್ಕೆ ಸುಮಾರು 150, ಎರಡಕ್ಕೆ 300 ನ್ಯೂಟನ್-ಮೀಟರ್.

ಇಷ್ಟನ್ನು ಕೈಯಿಂದ ಒದಗಿಸುವುದು ಅಸಾಧ್ಯ. ಆದುದರಿಂದಲೇ ನಡುವೆ ಹಲ್ಲುಚಕ್ರಗಳ ಪೆಟ್ಟಿಗೆಯಿರುವುದು. ಸ್ಟಿಯರಿಂಗು 18 ಡಿಗ್ರಿ ತಿರುಗಿದಾಗ ರಸ್ತೆಯ ಚಕ್ರ 1 ಡಿಗ್ರಿ ಮಾತ್ರ ತಿರುಗುವಂತಿದ್ದರೆ, ಬೇಕಾದ ತಿರುಗುಬಲ 17 ನ್ಯೂಟನ್-ಮೀಟರಿಗೆ ಇಳಿಯುವುದು. ಸ್ಟಿಯರಿಂಗಿನ ತ್ರಿಜ್ಯ 20 ಸೆಂಟಿಮೀಟರಾದರೆ ಅಂಚಿನಲ್ಲಿ 85 ನ್ಯೂಟನ್ ಬಲ ಬೇಕು. ಕೀಲುಗಳ ಘರ್ಷಣೆಯನ್ನು ಸೇರಿಸಿದರೆ ಅದು 100ನ್ನು ದಾಟುವುದು. 10 ಕಿಲೋಗ್ರಾಂ ತೂಕವನ್ನು ಎತ್ತುವಷ್ಟು ಶ್ರಮವಿದು. ಗಾಳಿಯ ಒತ್ತಡ ಅರ್ಧಕ್ಕಿಳಿದರೆ ತಾಗುವ ಜಾಗ ಇಮ್ಮಡಿಯಾಗಿ, ತಿರುಗುಬಲ 1.4 ಪಟ್ಟಾಗುವುದು. ವಾಹನ ಚಲಿಸತೊಡಗಿದೊಡನೆ ಭಾರ ತಗ್ಗುವುದು. ಏಕೆಂದರೆ ಉರುಳುವ ಟಯರು ಕ್ಷಣಕ್ಷಣಕ್ಕೂ ಹೊಸ ಭಾಗವನ್ನು ನೆಲಕ್ಕೆ ಊರುವುದು.

ಇನ್ನು ಸ್ಪರ್ಶದ ಮಾತು. ವಾಹನವು ತಿರುವಿನಲ್ಲಿ ಸಾಗುವಾಗ ಟಯರಿನ ರಬ್ಬರು ಪಕ್ಕಕ್ಕೆ ಬಾಗುವುದು. ಈ ಬಾಗು ನೆಲ ತಾಗುವ ಭಾಗದ ಮುಂತುದಿಗಿಂತ ಹಿಂತುದಿಯಲ್ಲಿ ಹೆಚ್ಚು. ಆದುದರಿಂದ ರಸ್ತೆಯು ಟಯರಿನ ಮೇಲೆ ಪ್ರಯೋಗಿಸುವ ಪಾರ್ಶ್ವಬಲವು ಕೇಂದ್ರಕ್ಕಿಂತ ತುಸು ಹಿಂದೆ ವರ್ತಿಸಿ, ಚಕ್ರವನ್ನು ನೇರಕ್ಕೆ ತರಲು ಯತ್ನಿಸುವುದು. ಚಾಲಕನ ಅಂಗೈಗೆ ತಿಳಿಯುವುದು ಈ ಯತ್ನವೇ. ತಿರುವು ಬಿಗಿಯಾದಂತೆ ಅದೂ ಬೆಳೆಯುವುದು. ಆದರೆ ಟಯರು ಜಾರುವ ಹಂತಕ್ಕೆ ಸಮೀಪಿಸಿದಾಗ ಹಿಂತುದಿಯ ರಬ್ಬರು ಮೊದಲು ಹಿಡಿತ ತಪ್ಪುವುದು. ಬಲದ ಕೇಂದ್ರ ಮುಂದಕ್ಕೆ ಸರಿಯುವುದು. ಪಾರ್ಶ್ವಬಲ ಇನ್ನೂ ಏರುತ್ತಿರುವಾಗಲೇ ಸ್ಟಿಯರಿಂಗು ಹಗುರವಾಗತೊಡಗುವುದು. ಮಳೆಗಾಲದ ಕೆಸರಿನಲ್ಲಿ, ಪಾಚಿ ಕಟ್ಟಿದ ರಸ್ತೆಯಲ್ಲಿ, ಈ ಹಗುರತನ ಜಾರುವಿಕೆಯ ಮುನ್ಸೂಚನೆ. ರಸ್ತೆ ಕೈಗೆ ಸಿಗುವುದೆಂದರೆ ಇದೇ.

ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರು 1920ರ ದಶಕದಲ್ಲಿ ತೈಲದ ಒತ್ತಡದಿಂದ ಚಾಲಕನಿಗೆ ನೆರವಾಗುವ ಸಾಧನವನ್ನು ರೂಪಿಸಿದನು. 1951ರಲ್ಲಿ ಕ್ರೈಸ್ಲರ್ ಕಂಪೆನಿ ಇಂಥ ಪವರ್ ಸ್ಟಿಯರಿಂಗನ್ನು ಕಾರಿಗೆ ಅಳವಡಿಸಿ ಮಾರಿತು. ಇದರ ಹೃದಯವೆಂದರೆ ಸ್ಟಿಯರಿಂಗಿನ ದಂಡದೊಳಗಿರುವ ತೆಳು ಉಕ್ಕಿನ ಸರಳು. ಚಾಲಕನು ಬಲ ಹಾಕಿದಾಗ ಸರಳು ಕೊಂಚ ತಿರುಚಿಕೊಳ್ಳುವುದು. ಆ ತಿರುಚು ಒಂದು ಕವಾಟವನ್ನು ತೆರೆಯುವುದು. ಇಂಜಿನಿನಿಂದ ನಡೆಯುವ ಪಂಪು ಒದಗಿಸುವ ತೈಲವು ಕೊಂತವನ್ನು ತಳ್ಳಿ ಚಕ್ರಗಳನ್ನು ತಿರುಗಿಸುವುದು. ಚಾಲಕನು ಹೆಚ್ಚು ತಿರುಚಿದರೆ ನೆರವೂ ಹೆಚ್ಚು. ಹೀಗೆ ರಸ್ತೆಯ ಪ್ರತಿರೋಧದ ಒಂದು ಪಾಲು ಅವನ ಕೈಗೆ ಉಳಿಯುವುದು. ಆ ಪಾಲು ತೀರ ಚಿಕ್ಕದಾದರೆ ಮುನ್ಸೂಚನೆಯೂ ಅಡಗಿಹೋಗುವುದು.

ವಿದ್ಯುತ್ ಪದ್ಧತಿಯಲ್ಲಿ ತಿರುಚನ್ನು ಸಂವೇದಕವು ಅಳೆಯುವುದು, ಮೋಟಾರು ನೆರವಾಗುವುದು. ಜಪಾನಿನ ಸುಜುಕಿ ಕಂಪೆನಿ 1988ರಲ್ಲಿ ಇದನ್ನು ಸಣ್ಣ ಕಾರಿಗೆ ಜೋಡಿಸಿತು. ವೇಗ ಹೆಚ್ಚಿದಂತೆ ನೆರವನ್ನು ತಗ್ಗಿಸುವುದು ಇಲ್ಲಿ ಸುಲಭ. ಆದರೆ ಮೋಟಾರಿನ ಜಡತ್ವವೂ ಅದರ ಹಲ್ಲುಚಕ್ರಗಳ ಘರ್ಷಣೆಯೂ ಸೂಕ್ಷ್ಮ ಬದಲಾವಣೆಗಳನ್ನು ಮಬ್ಬುಗೊಳಿಸಬಹುದು. ನಮ್ಮ ದೇಶದಲ್ಲಿ 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ; 2020ರ ಮಹೀಂದ್ರ ಥಾರಿಗೆ ತೈಲದ ನೆರವಿತ್ತು; 2023ರ ಜಿಮ್ನಿಗೂ 2024ರ ಥಾರ್ ರಾಕ್ಸಿಗೂ ವಿದ್ಯುತ್ತಿನ ನೆರವು ಬಂದಿತು. ಆದುದರಿಂದ ಹಳೆಯ ಚಾಲಕರ ಮಾತಿನಲ್ಲಿ ಸತ್ಯಾಂಶವಿದೆ.

ಆದರೆ ಎಲ್ಲ ಸ್ಪರ್ಶವೂ ಹಿತಕರವಲ್ಲ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಆಘಾತವು ಹಿಮ್ಮುಖವಾಗಿ ಬಂದು ಸ್ಟಿಯರಿಂಗನ್ನು ಥಟ್ಟನೆ ಸುತ್ತಿಸುವುದು. ಹೆಬ್ಬೆರಳನ್ನು ಒಳಗೆ ಸಿಕ್ಕಿಸಿ ಹಿಡಿದವನಿಗೆ ಮೂಳೆ ಮುರಿಯಲೂಬಹುದು. ಅಂದಕ್ಕಾಗಿ ಹೊರಚಾಚುವ ಅಗಲ ಟಯರುಗಳನ್ನು ಹಾಕಿಸಿದರೆ ತಿರುಗುವ ಅಕ್ಷಕ್ಕೂ ಟಯರಿನ ನಡುವಿಗೂ ಇರುವ ಅಂತರ ಹೆಚ್ಚಿ, ಸನ್ನೆಯ ತತ್ತ್ವದಂತೆ ಈ ಹೊಡೆತವೂ ಹೆಚ್ಚುವುದು. ತೈಲದ ಪದ್ಧತಿಯು ಇದನ್ನು ಬಹುಮಟ್ಟಿಗೆ ಹೀರಿಕೊಳ್ಳುವುದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚಾರ್ಮಾಡಿಯಂಥ ಘಟ್ಟದ ಇಳಿಜಾರಿನಲ್ಲಿ ಇಂಧನ ಉಳಿಸಲೆಂದು ಇಂಜಿನನ್ನು ಆರಿಸಿ ವಾಹನವನ್ನು ಉರುಳಲು ಬಿಡುವ ದುರಭ್ಯಾಸವುಂಟು. ಇಂಜಿನು ನಿಂತೊಡನೆ ತೈಲದ ಪಂಪೂ ನಿಲ್ಲುವುದು. ಆಗ ಚಾಲಕನು ಪೂರ್ಣ ತಿರುಗುಬಲವನ್ನೂ ಒದಗಿಸಿ, ನಿಂತ ತೈಲವನ್ನೂ ತಳ್ಳಬೇಕು. ಬ್ರೇಕಿನ ನೆರವೂ ಕೆಲವೇ ಒತ್ತುಗಳಲ್ಲಿ ಮುಗಿಯುವುದು. ಕೀಲಿಯನ್ನು ತೆಗೆದರಂತೂ ಸ್ಟಿಯರಿಂಗಿಗೆ ಬೀಗವೇ ಬೀಳಬಹುದು. ಕಡಿದಾದ ತಿರುವಿನಲ್ಲಿ ಇದು ಪ್ರಾಣಾಂತಿಕ. ಉಳಿಯುವ ಇಂಧನ ಆ ಬೆಲೆಗೆ ಸಮನಲ್ಲ.

ಈ ಲೆಕ್ಕಗಳನ್ನು ವಿದ್ಯಾರ್ಥಿಗಳು ಪರೀಕ್ಷಿಸಬಹುದು. ಸಮತಟ್ಟಾದ ಮೈದಾನದಲ್ಲಿ ಹಿರಿಯರ ಸಮಕ್ಷಮದಲ್ಲಿ ಜೀಪನ್ನು ನಿಲ್ಲಿಸಿ, ಕೈಬ್ರೇಕು ಹಾಕಿ, ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಸ್ಟಿಯರಿಂಗಿನ ಅಂಚಿಗೆ ಕಟ್ಟಿ ಎಳೆಯಬೇಕು. ಬೀಗ ತೆರೆದಿಟ್ಟು ಇಂಜಿನ್ ಆರಿಸಿದಾಗ ಒಮ್ಮೆ, ನಡೆಯುತ್ತಿರುವಾಗ ಒಮ್ಮೆ ಬಲವನ್ನು ಗುರುತಿಸಬೇಕು. ಅನಂತರ ಗಾಳಿಯ ಒತ್ತಡವನ್ನು 32 ಪೌಂಡಿನಿಂದ 24ಕ್ಕೆ ಇಳಿಸಿ, ಇಂಜಿನ್ ಆರಿಸಿಯೇ ಮತ್ತೊಮ್ಮೆ ಅಳೆಯಬೇಕು. ನಮ್ಮ ಲೆಕ್ಕದಂತೆ ಬಲವು ಸುಮಾರು 1.15 ಪಟ್ಟು ಆಗಬೇಕು. ಆಯಿತೋ ಇಲ್ಲವೋ, ಆಗದಿದ್ದರೆ ಕಾರಣವೇನು ಎಂಬುದನ್ನು ಅವರೇ ನಿರ್ಣಯಿಸಲಿ.